ಮಕ್ಕಳ ಮನೆಗೆ ಬಂದ ಅತಿಥಿಗಳು

ವೃದ್ಧ ದಂಪತಿ ಪ್ರಯಾಣಕ್ಕೆ ಹೊರಟಿದ್ದಾರೆ. ನೆಲದ ಮೇಲೆ ಕುಳಿತು ಸಾಮಾನು ಜೋಡಿಸಿಕೊಳ್ಳುತ್ತಿದ್ದಾರೆ. ರೈಲಿನಲ್ಲಿ ಒರಗಲು ಬೇಕಾದ, ಗಾಳಿ ತುಂಬುವ ದಿಂಬು ಮಾತ್ರ ಸಿಗುತ್ತಿಲ್ಲ. ಅದನ್ನು ನಿನಗೇ ಕೊಟ್ಟಿದ್ದೆ ಎನ್ನುತ್ತಾರೆ ಯಜಮಾನರು; ನನ್ನಲ್ಲಿಲ್ಲ ಎನ್ನುತ್ತಾರೆ ಪತ್ನಿ. ಕೊನೆಗೆ ಅದು ಯಜಮಾನರ ಬಳಿಯೇ ಸಿಗುತ್ತದೆ. ಅಷ್ಟರಲ್ಲಿ ನೆರೆಮನೆಯಾಕೆ ಕಿಟಕಿಯಲ್ಲಿ ಇಣುಕಿ, ಇಷ್ಟು ಒಳ್ಳೆಯ ಮಕ್ಕಳಿರುವ ನೀವು ಪುಣ್ಯವಂತರು ಎಂಬರ್ಥದ ಮಾತಾಡಿ ಹೋಗುತ್ತಾರೆ. 1953ರಲ್ಲಿ ತೆರೆಕಂಡ ‘ಟೋಕಿಯೊ ಸ್ಟೋರಿ’ ಎಂಬ ಜಪಾನೀ ಚಿತ್ರ ಆರಂಭವಾಗುವುದು ಹೀಗೆ. ನಿರ್ದೇಶಕ ಯಸುಜಿರೊ ಓಜು. ಚಿತ್ರಕಥೆಯನ್ನು ಬಹುಕಾಲದ ಜೊತೆಗಾರ ಕೋಗೊ ನೋಡಾ ಅವರೊಂದಿಗೆ ಸೇರಿ ಬರೆದರು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಜಗತ್ತಿನ ನಿರ್ದೇಶಕರು ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಮೊದಲ ಸ್ಥಾನ ಕೊಟ್ಟದ್ದು ಇದಕ್ಕೆ. 2022ರ ವಿಮರ್ಶಕರ ಪಟ್ಟಿಯಲ್ಲಿ ಇದು ನಾಲ್ಕನೆಯದು.

ಇಂಥ ಕೀರ್ತಿಗೆ ತಕ್ಕ ಘಟನೆಗಳೇನೂ ಈ ಕಥೆಯಲ್ಲಿಲ್ಲ. ಹಿರೋಷಿಮಾ ಪ್ರಾಂತ್ಯದ ಒನೊಮಿಚಿ ಎಂಬ ಕಡಲತಡಿಯ ಊರಿನಿಂದ ಶುಕಿಚಿ ಹಿರಾಯಾಮ ಮತ್ತು ಪತ್ನಿ ತೋಮಿ, ಟೋಕಿಯೊದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ. ಸುಮಾರು 800 ಕಿಲೋಮೀಟರ್‌ಗಳ ರೈಲು ದಾರಿ. ಹಿರಿಯ ಮಗ ಕೊಯಿಚಿ ಮಕ್ಕಳ ವೈದ್ಯ. ಹೊರವಲಯದ ತನ್ನ ಮನೆಯಲ್ಲಿಯೇ ಚಿಕಿತ್ಸಾಲಯ ಇಟ್ಟುಕೊಂಡಿದ್ದಾನೆ. ಮಗಳು ಶಿಗೆ ಮಹಿಳೆಯರ ಕೇಶಾಲಂಕಾರದ ಅಂಗಡಿ ನಡೆಸುತ್ತಾಳೆ. ಒಬ್ಬ ಮಗ ಯುದ್ಧದಲ್ಲಿ ತೀರಿಕೊಂಡು ಎಂಟು ವರ್ಷಗಳಾಗಿವೆ. ಅವನ ಹೆಂಡತಿ ನೊರಿಕೊ ಕಚೇರಿಯೊಂದರಲ್ಲಿ ಗುಮಾಸ್ತೆ. ಮತ್ತೊಬ್ಬ ಮಗ ಒಸಾಕಾದಲ್ಲಿ ರೈಲ್ವೆ ನೌಕರ. ಕಿರಿಯ ಮಗಳು ಶಾಲಾ ಶಿಕ್ಷಕಿಯಾಗಿ ಊರಿನಲ್ಲಿಯೇ ಇದ್ದಾಳೆ.

ಅಜ್ಜ ಅಜ್ಜಿಗೆ ಜಾಗ ಮಾಡಲು ಮೊಮ್ಮಗನ ಓದುವ ಮೇಜನ್ನು ಹೊರಗಿಟ್ಟಿದ್ದಾರೆ, ಅವನಿಗೆ ಸಿಟ್ಟು. ಭಾನುವಾರ ಊರು ತೋರಿಸುವುದಾಗಿ ಮಗ ಹೇಳಿದ್ದ. ಹೊರಡುವ ಹೊತ್ತಿಗೆ ರೋಗಿಯ ಕಡೆಯವರು ಬಂದು ಕರೆಯುತ್ತಾರೆ. ಅಪ್ಪ ಅಮ್ಮನಿಗೆಂದು ಗಂಡ ದುಬಾರಿ ತಿನಿಸು ತಂದರೆ, ಇಷ್ಟು ಖರ್ಚೇಕೆ ಎಂದು ಮಗಳು ಗೊಣಗುತ್ತಾಳೆ. ಇವರು ಯಾರೆಂಬ ಪ್ರಶ್ನೆಗೆ ಊರ ಕಡೆಯ ಪರಿಚಯಸ್ಥರು ಎಂದುಬಿಡುತ್ತಾಳೆ. ಕಚೇರಿಗೆ ರಜೆ ಹಾಕಿ ಬಸ್ಸಿನಲ್ಲಿ ನಗರ ತೋರಿಸುವವಳು ವಿಧವೆ ಸೊಸೆ ನೊರಿಕೊ. ಕೊನೆಗೆ ಅಣ್ಣ ತಂಗಿ ಹಣ ಸೇರಿಸಿ ಅವರನ್ನು ಅತಾಮಿಯ ಬಿಸಿನೀರ ಬುಗ್ಗೆಗೆ ಕಳುಹಿಸುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವುದಕ್ಕಿಂತ ಅದು ಅಗ್ಗ. ಅಲ್ಲಿನ ವಸತಿಗೃಹದಲ್ಲಿ ರಾತ್ರಿಯಿಡೀ ಜೂಜು, ಹಾಡು, ಗದ್ದಲ. ನಿದ್ದೆಯಿಲ್ಲದೆ ಬೆಳಗ್ಗೆ ಕಡಲಗೋಡೆಯ ಮೇಲೆ ಕುಳಿತ ಇಬ್ಬರೂ ಊರಿಗೆ ಹಿಂದಿರುಗುವ ಮಾತಾಡುತ್ತಾರೆ. ಏಳುವಾಗ ತೋಮಿಗೆ ತಲೆಸುತ್ತು ಬರುತ್ತದೆ. ಊರು ತಲುಪಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಳ್ಳುತ್ತಾರೆ. ಈಗ ಮಕ್ಕಳು ಬರುತ್ತಾರೆ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ. ಕೃತಘ್ನ ಮಕ್ಕಳ ಕಥೆ ಎಂದು ತೀರ್ಮಾನಿಸಿ ಎದ್ದು ಬಂದಿದ್ದೆ. ಇಪ್ಪತ್ತರ ವಯಸ್ಸಿನಲ್ಲಿ ತೀರ್ಪು ಕೊಡುವುದು ಸುಲಭ. ನಿವೃತ್ತನಾದ ಮೇಲೆ ಮತ್ತೆರಡು ಬಾರಿ ನೋಡಿದೆ. ಈಗ ನನಗೆ ಅಲ್ಲಿ ಅಪರಾಧಿಗಳು ಕಾಣುವುದಿಲ್ಲ. ಜ್ವರದಲ್ಲಿ ಮಲಗಿರುವ ಮಗುವನ್ನು ಬಿಟ್ಟು ವೈದ್ಯನಾದವನು ತಂದೆ ತಾಯಿಗೆ ನಗರ ತೋರಿಸಲು ಹೋಗಬೇಕಿತ್ತೆ? ಅಂಗಡಿಯ ದುಡಿಮೆಯಿಂದಲೇ ಬದುಕುವ ಶಿಗೆ ಅದನ್ನು ಮುಚ್ಚಬೇಕಿತ್ತೆ? ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂಬ ಮಾತಿದೆ. ಒಂದು ಗಂಟೆಯನ್ನು ಒಂದು ಕೆಲಸಕ್ಕೆ ಕೊಟ್ಟರೆ ಇನ್ನೊಂದರಿಂದ ಬರಬೇಕಾದದ್ದನ್ನು ಬಿಟ್ಟುಕೊಡಬೇಕು. ಹೊಲದ ಬದುಕಿನಲ್ಲಿ ಮುದುಕರ ಪಕ್ಕದಲ್ಲಿ ಕುಳಿತೇ ಹಗ್ಗ ಹೊಸೆಯಬಹುದು. ಅಲ್ಲಿ ದುಡಿಮೆಗೂ ಒಡನಾಟಕ್ಕೂ ಒಂದೇ ಹೊತ್ತು ಸಾಕಾಗುತ್ತದೆ. ನಗರ ಇವೆರಡನ್ನೂ ಬೇರ್ಪಡಿಸಿ, ಮೊದಲನೆಯದಕ್ಕೆ ಮಾತ್ರ ಬೆಲೆ ಕಟ್ಟಿತು. ಓಜು ಈ ಮಾತನ್ನು ಎಲ್ಲಿಯೂ ಹೇಳಿಸುವುದಿಲ್ಲ. ಮೇಜನ್ನು ಹೊರಗಿಡುವುದನ್ನು ತೋರಿಸುತ್ತಾರೆ, ಅಷ್ಟೆ.

ಚಿತ್ರ ಬಂದ ಕಾಲವನ್ನು ಗಮನಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1898ರ ನಾಗರಿಕ ಸಂಹಿತೆ ಜಪಾನಿನಲ್ಲಿ ಮನೆತನಕ್ಕೆ ಕಾನೂನಿನ ರೂಪ ಕೊಟ್ಟಿತ್ತು. ಮನೆಗೊಬ್ಬ ಯಜಮಾನ; ಅವನ ಅಧಿಕಾರವೂ ಆಸ್ತಿಯೂ ಸಾಮಾನ್ಯವಾಗಿ ಹಿರಿಯ ಮಗನಿಗೆ. ಅದರ ಜೊತೆಗೆ ವೃದ್ಧರನ್ನು ಸಾಕುವ ಹೊಣೆಯೂ ಅವನದೇ. ಯುದ್ಧದಲ್ಲಿ ಸೋತ ಬಳಿಕ ಅಮೆರಿಕದ ಆಡಳಿತದ ಅವಧಿಯಲ್ಲಿ ಹೊಸ ಸಂವಿಧಾನ ಬಂತು. ಅದಕ್ಕೆ ಅನುಗುಣವಾಗಿ 1947ರಲ್ಲಿ ಸಂಹಿತೆಯನ್ನು ಪರಿಷ್ಕರಿಸಿ 1948ರ ಜನವರಿಯಿಂದ ಜಾರಿಗೆ ತಂದರು. ಯಜಮಾನಿಕೆ ರದ್ದಾಯಿತು, ಮಕ್ಕಳಿಗೆಲ್ಲ ಆಸ್ತಿಯಲ್ಲಿ ಸಮಪಾಲು ಬಂತು. ವಿಶೇಷವಾಗಿ ಹೆಣ್ಣುಮಕ್ಕಳ ದೃಷ್ಟಿಯಿಂದ ಇದು ಬಹುದೊಡ್ಡ ಬಿಡುಗಡೆ. ಪರಸ್ಪರ ಪೋಷಣೆಯ ಹೊಣೆ ಕಾನೂನಿನಲ್ಲಿ ಉಳಿಯಿತಾದರೂ, ಅದು ಇಂಥವನದೇ ಎಂಬ ಖಚಿತತೆ ಹೋಯಿತು. ಎಲ್ಲರ ಹೊಣೆ ಯಾರ ಹೊಣೆಯೂ ಅಲ್ಲವೆಂಬುದು ಆಡಳಿತದಲ್ಲಿದ್ದವರಿಗೆಲ್ಲ ತಿಳಿದ ಸತ್ಯ. ಇತ್ತ, ಕೆಲವು ವರ್ಗದ ನೌಕರರನ್ನು ಬಿಟ್ಟರೆ ಉಳಿದವರಿಗೆ ಪಿಂಚಣಿ ಇರಲಿಲ್ಲ. ರಾಷ್ಟ್ರೀಯ ಪಿಂಚಣಿ ಕಾಯ್ದೆ ಬಂದದ್ದು 1959ರಲ್ಲಿ. ಎಲ್ಲ ಪ್ರಜೆಗಳನ್ನೂ ಒಳಗೊಳ್ಳುವ ವ್ಯವಸ್ಥೆ ನೆಲೆಗೊಂಡದ್ದು 1961ರಲ್ಲಿ.

ಹಳೆಯ ಏರ್ಪಾಡು ಮುರಿದು ಹೊಸದು ಇನ್ನೂ ಬಾರದಿದ್ದ ಆ ಹನ್ನೆರಡು ಹದಿಮೂರು ವರ್ಷಗಳಲ್ಲಿಯೇ ಓಜು ತಮ್ಮ ಪ್ರಸಿದ್ಧ ಕೌಟುಂಬಿಕ ಚಿತ್ರಗಳಲ್ಲಿ ಬಹುಪಾಲನ್ನು ಮಾಡಿದರು. 1949ರ ‘ಲೇಟ್ ಸ್ಪ್ರಿಂಗ್’, 1951ರ ‘ಅರ್ಲಿ ಸಮ್ಮರ್’, 1953ರ ‘ಟೋಕಿಯೊ ಸ್ಟೋರಿ’, 1960ರ ‘ಲೇಟ್ ಆಟಮ್’ ಇವೆಲ್ಲ ಆ ನಡುಗಾಲದ ದಾಖಲೆಗಳು. ಹಾಗೆಂದು ಹಳೆಯ ಮನೆತನವೇ ಚೆನ್ನಾಗಿತ್ತೆಂಬ ಹಂಬಲ ಅವುಗಳಲ್ಲಿಲ್ಲ.

ಮಕ್ಕಳನ್ನು ನಗರಕ್ಕೆ ಕಳುಹಿಸಿದವರು ಯಾರು ಎಂಬುದು ಮುಂದಿನ ಪ್ರಶ್ನೆ. ಓಜು ಅವರ ಮೊದಲ ವಾಕ್ಚಿತ್ರ, 1936ರ ‘ದಿ ಓನ್ಲಿ ಸನ್’ ಇದಕ್ಕೆ ನೇರವಾಗಿ ಉತ್ತರಿಸುತ್ತದೆ. ಗುಡ್ಡಗಾಡಿನ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ದುಡಿಯುವ ವಿಧವೆ, ಉಪಾಧ್ಯಾಯರ ಮಾತಿಗೆ ಓಗೊಟ್ಟು, ಇದ್ದದ್ದನ್ನೆಲ್ಲ ಮಾರಿ ಒಬ್ಬನೇ ಮಗನನ್ನು ಓದಿಸುತ್ತಾಳೆ. ವರ್ಷಗಳ ನಂತರ ಟೋಕಿಯೊಗೆ ಹೋಗಿ ನೋಡಿದರೆ ಅವನು ರಾತ್ರಿಶಾಲೆಯ ಬಡ ಮೇಷ್ಟ್ರು. ಮದುವೆಯಾಗಿ ಮಗುವೂ ಇದೆ; ತಾಯಿಗೆ ತಿಳಿಸಿಯೇ ಇಲ್ಲ. ಅವಳಿಗೆ ಊಟ ಹಾಕಿಸಿ ನಾಲ್ಕು ಕಡೆ ಸುತ್ತಿಸಲು ಸಾಲ ಮಾಡುತ್ತಾನೆ. ಊರಿಗೆ ಮರಳಿದ ತಾಯಿ, ಮಗ ದೊಡ್ಡ ಮನುಷ್ಯನಾಗಿದ್ದಾನೆಂದು ಜೊತೆಯ ಕೆಲಸದವಳಿಗೆ ಹೇಳಿ, ಆಮೇಲೆ ಕಾರ್ಖಾನೆಯ ಹಿಂಬದಿಗೆ ಹೋಗಿ ಒಬ್ಬಳೇ ಕುಳಿತುಕೊಳ್ಳುತ್ತಾಳೆ.

‘ಟೋಕಿಯೊ ಸ್ಟೋರಿ’ಯಲ್ಲಿ ಇದೇ ನೋವು ಮದ್ಯದಂಗಡಿಯಲ್ಲಿ ಹೊರಬರುತ್ತದೆ. ಅತಾಮಿಯಿಂದ ನಿರೀಕ್ಷೆಗಿಂತ ಮೊದಲೇ ಮರಳಿದ ದಂಪತಿಗೆ ಮಗಳ ಮನೆಯಲ್ಲಿ ಆ ರಾತ್ರಿ ಸ್ಥಳವಿಲ್ಲ. ತೋಮಿ ಸೊಸೆಯ ಒಂಟಿಕೋಣೆಗೆ ಹೋಗುತ್ತಾರೆ; ಶುಕಿಚಿ ಊರಿನ ಹಳೆಯ ಗೆಳೆಯರನ್ನು ಹುಡುಕಿಕೊಂಡು ಹೊರಡುತ್ತಾರೆ. ಒಬ್ಬ ಗೆಳೆಯ ತನ್ನ ಮಗನ ಹುದ್ದೆಯನ್ನು ಊರವರ ಮುಂದೆ ಹಿಗ್ಗಿಸಿ ಹೇಳುತ್ತಾ ಬಂದದ್ದನ್ನು ಒಪ್ಪಿಕೊಳ್ಳುತ್ತಾನೆ. ಇಬ್ಬರು ಮಕ್ಕಳನ್ನೂ ಯುದ್ಧಕ್ಕೆ ಕೊಟ್ಟ ಇನ್ನೊಬ್ಬ, ಮಕ್ಕಳಿಲ್ಲದಿದ್ದರೂ ಕಷ್ಟ, ಇದ್ದರೂ ಕಷ್ಟ ಎನ್ನುತ್ತಾನೆ. ಆಗ ಶುಕಿಚಿಯೂ ಬಾಯಿಬಿಡುತ್ತಾರೆ: ಮಗ ಇನ್ನೂ ದೊಡ್ಡ ವೈದ್ಯನಾಗಿರಬಹುದೆಂದು ತಾನೂ ಎಣಿಸಿದ್ದೆ. ಅಂದರೆ ನಿರಾಸೆ ಒಂದೇ ಕಡೆಯದಲ್ಲ. ಮಕ್ಕಳು ಹೆತ್ತವರಿಗೆ ಹೊತ್ತು ಕೊಡಲಿಲ್ಲ, ನಿಜ. ಹೆತ್ತವರೂ ಮಕ್ಕಳನ್ನು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ಊರಿಗೆ ಮರಳುವಾಗ ಅವರು ಆ ಲೆಕ್ಕವನ್ನು ಮುಗಿಸುತ್ತಾರೆ. ಎಷ್ಟೋ ಜನರಿಗಿಂತ ನಮ್ಮ ಮಕ್ಕಳು ವಾಸಿ, ನಾವು ಅದೃಷ್ಟವಂತರು ಎಂದು ಪರಸ್ಪರ ಹೇಳಿಕೊಳ್ಳುತ್ತಾರೆ. ಅದು ಅರ್ಧ ಸಮಾಧಾನ, ಅರ್ಧ ಸತ್ಯ.

ಇದೇ ವಸ್ತುವನ್ನು ಬೇರೆ ರೀತಿಯಲ್ಲಿ ಹೇಳಿದವರೂ ಇದ್ದರು. ಅದೇ 1953ರಲ್ಲಿ, ಅದೇ ಶೋಚಿಕು ಸಂಸ್ಥೆಗೆ ಕೆಯಿಸುಕೆ ಕಿನೊಶಿತಾ ಮಾಡಿದ ‘ಎ ಜಪನೀಸ್ ಟ್ರಾಜಿಡಿ’ಯಲ್ಲಿ, ಮಾನಾಪಮಾನ ನುಂಗಿ ಮಕ್ಕಳನ್ನು ಬೆಳೆಸಿದ ಯುದ್ಧವಿಧವೆ, ಅವರಿಂದಲೇ ತಿರಸ್ಕೃತಳಾಗಿ ರೈಲಿಗೆ ಬೀಳುತ್ತಾಳೆ. ಅದರ ಹಿಂದಿನ ವರ್ಷ ಬಂದ ಅಕಿರಾ ಕುರೊಸಾವಾ ಅವರ ‘ಇಕಿರು’ ನನ್ನಂಥ ನಿವೃತ್ತ ಅಧಿಕಾರಿಗಳಿಗೆ ನುಂಗಲು ಕಷ್ಟವಾದ ಚಿತ್ರ. ಮೂವತ್ತು ವರ್ಷ ಕಡತಗಳಿಗೆ ಮೊಹರು ಒತ್ತಿದ ವಾತನಾಬೆ, ತನಗೆ ಕ್ಯಾನ್ಸರ್ ಎಂದು ಅರಿತು ಮನೆಗೆ ಬಂದು ಕತ್ತಲಲ್ಲಿ ಕುಳಿತಿರುತ್ತಾನೆ. ಹೊರಗಿನಿಂದ ಬಂದ ಮಗ ಸೊಸೆ, ಅಪ್ಪ ಇರುವುದನ್ನು ತಿಳಿಯದೆ, ಅವನ ನಿವೃತ್ತಿಯ ಹಣದ ಲೆಕ್ಕ ಹಾಕುತ್ತಾರೆ. ಅವನು ಮಗನಿಗೆ ಕಾಯಿಲೆಯ ವಿಷಯ ಹೇಳುವುದೇ ಇಲ್ಲ. ಕಿನೊಶಿತಾ ನಮ್ಮನ್ನು ಕೆರಳಿಸುತ್ತಾರೆ, ಕುರೊಸಾವಾ ಎಬ್ಬಿಸುತ್ತಾರೆ. ಓಜು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಅವರ ಕ್ಯಾಮೆರಾ ನೆಲದ ಮೇಲೆ ಕುಳಿತವರ ಕಣ್ಣಿಗಿಂತಲೂ ತುಸು ಕೆಳಗೆ, ಬಹುತೇಕ ಅಲುಗಾಡದೆ ಇರುತ್ತದೆ. ಯಾರನ್ನೂ ಮೇಲಿನಿಂದ ನೋಡದ ಆ ನಿಲುವು ಬರೀ ತಂತ್ರವೆಂದು ನನಗೆ ಅನಿಸಿಲ್ಲ.

ಹೆತ್ತವರ ಕಡೆಯಿಂದಲೂ ಓಜು ಒಂದು ಕರ್ತವ್ಯವನ್ನು ಕಂಡರು: ಬಿಟ್ಟುಕೊಡುವುದು. ‘ಲೇಟ್ ಸ್ಪ್ರಿಂಗ್’ನಲ್ಲಿ ವಿಧುರ ಪ್ರಾಧ್ಯಾಪಕ ಸೊಮಿಯಾ ಅವರ ಮಗಳು, ತಂದೆಯನ್ನು ನೋಡಿಕೊಂಡು ಹೀಗೆಯೇ ಇದ್ದುಬಿಡುತ್ತೇನೆ ಎನ್ನುತ್ತಾಳೆ. ಅವಳು ಮದುವೆಗೆ ಒಪ್ಪಲೆಂದು ತಾನು ಮರುಮದುವೆಯಾಗುತ್ತಿದ್ದೇನೆಂದು ತಂದೆ ಸುಳ್ಳು ಹೇಳುತ್ತಾರೆ. ಅವಳನ್ನು ಕಳುಹಿಸಿಕೊಟ್ಟ ರಾತ್ರಿ ಖಾಲಿ ಮನೆಯಲ್ಲಿ ಕುಳಿತು ಸೇಬಿನ ಸಿಪ್ಪೆ ತೆಗೆಯುತ್ತಾರೆ. ಸಿಪ್ಪೆ ಜಾರಿ ಬೀಳುತ್ತದೆ, ತಲೆ ಬಾಗುತ್ತದೆ. ಓಜು ಅವರ ಕೊನೆಯ ಚಿತ್ರ, 1962ರ ‘ಆ್ಯನ್ ಆಟಮ್ ಆಫ್ಟರ್‌ನೂನ್’ನಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯಿದೆ. ತನ್ನ ಅನುಕೂಲಕ್ಕಾಗಿ ಮಗಳನ್ನು ಮನೆಯಲ್ಲಿಯೇ ಉಳಿಸಿಕೊಂಡ ಮುದಿ ಉಪಾಧ್ಯಾಯನೊಬ್ಬ ಹಳೆಯ ಶಿಷ್ಯರೆದುರು ಕುಡಿದು ಪಶ್ಚಾತ್ತಾಪ ಪಡುತ್ತಾನೆ. ಅದನ್ನು ಕಂಡ ಶಿಷ್ಯ ಹಿರಾಯಾಮ ಮಗಳ ಮದುವೆಗೆ ಅವಸರ ಮಾಡುತ್ತಾನೆ. ಆಮೇಲೆ ಅವನಿಗೂ ಉಳಿಯುವುದು ಖಾಲಿ ಮನೆಯೇ.

ಇಷ್ಟೆಲ್ಲ ಮದುವೆಗಳ ಕಥೆ ಹೇಳಿದ ಓಜು ಸ್ವತಃ ಮದುವೆಯಾಗಲಿಲ್ಲ. ತಾಯಿಯೊಂದಿಗೆ ಬದುಕಿದರು. 1962ರಲ್ಲಿ, ಕೊನೆಯ ಚಿತ್ರದ ಬರವಣಿಗೆ ನಡೆಯುತ್ತಿದ್ದಾಗ ತಾಯಿ ತೀರಿಕೊಂಡರು. 1903ರ ಡಿಸೆಂಬರ್ 12ರಂದು ಹುಟ್ಟಿದ ಓಜು 1963ರ ಡಿಸೆಂಬರ್ 12ರಂದು, ತಮ್ಮ ಅರವತ್ತನೆಯ ಹುಟ್ಟುಹಬ್ಬದ ದಿನವೇ ನಿಧನರಾದರು. ಅವರ ಸಮಾಧಿಯ ಮೇಲೆ ಹೆಸರಿಲ್ಲ. ‘ಮು’ ಎಂಬ ಒಂದೇ ಅಕ್ಷರವಿದೆ. ಅದರ ಅರ್ಥ ‘ಇಲ್ಲ’, ಶೂನ್ಯ. ಬಹುತೇಕ ಇವೆಲ್ಲ ಚಿತ್ರಗಳಲ್ಲಿ ತಂದೆಯಾದ ನಟ ಚಿಶು ರ್ಯೂ ‘ಟೋಕಿಯೊ ಸ್ಟೋರಿ’ಯ ವೃದ್ಧನ ಪಾತ್ರ ಮಾಡಿದಾಗ ಅವರಿಗೆ 49 ವರ್ಷ, ಮಗನ ಪಾತ್ರಧಾರಿ ಅವರಿಗಿಂತ ಆರು ವರ್ಷಕ್ಕಷ್ಟೇ ಕಿರಿಯ.

ನನ್ನ ವೃತ್ತಿಯಲ್ಲಿ ಈ ಚಿತ್ರಗಳು ನೆನಪಾದ ಸಂದರ್ಭವೊಂದನ್ನು ಹೇಳಬೇಕು. ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ ನಮ್ಮ ದೇಶದಲ್ಲಿ 2007ರಲ್ಲಿ ಕಾಯ್ದೆ ಬಂತು. ತಮ್ಮನ್ನು ನೋಡಿಕೊಳ್ಳದ ಮಕ್ಕಳ ಮೇಲೆ ಹೆತ್ತವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು; ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಲು ಕಾಯ್ದೆ ಅವಕಾಶ ಮಾಡಿತು. ಉಪವಿಭಾಗಾಧಿಕಾರಿಯಾಗಿ ಅಂಥ ಅರ್ಜಿಗಳನ್ನು ನಾನೂ ವಿಚಾರಣೆ ಮಾಡಿದ್ದೇನೆ. ಒಮ್ಮೆ ಮೂವರು ಗಂಡುಮಕ್ಕಳ ತಾಯಿ ಬಂದಿದ್ದರು. ಮಕ್ಕಳು ತಕರಾರು ಮಾಡಲಿಲ್ಲ. ಹಣವನ್ನು ಮೂರು ಪಾಲು ಮಾಡಿ ಕೊಡಲು ಒಪ್ಪಿದರು. ಆದೇಶ ಬರೆಸುತ್ತಿದ್ದಾಗ ಆಕೆ, ‘ಸ್ವಾಮಿ, ಯುಗಾದಿಗೆ ದೊಡ್ಡೋನು ಊರಿಗೆ ಬರಬೇಕು ಅಂತಾನೂ ಒಂದು ಸಾಲು ಬರೀರಿ’ ಎಂದರು. ಅಂಥ ಕಲಮು ಕಾಯ್ದೆಯಲ್ಲಿಲ್ಲವೆಂದು ಹೇಳಬೇಕಾಯಿತು. ದೊಡ್ಡ ಮಗ ತಲೆ ತಗ್ಗಿಸಿ ನಿಂತಿದ್ದ. ಅವನು ಕೆಟ್ಟವನೆಂದು ನನಗೆ ಅನಿಸಲಿಲ್ಲ. ಮುಂಬೈಯಲ್ಲಿ ಹೋಟೆಲ್ ಕೆಲಸ. ವರ್ಷಕ್ಕೆ ನಾಲ್ಕು ದಿನ ರಜೆ.

ತೀರ್ಪು ಕೊಡುವ ಕುರ್ಚಿಯಲ್ಲಿ ಕುಳಿತ ನನ್ನ ಸ್ವಂತ ದಾಖಲೆಯೂ ಅಷ್ಟೇನೂ ಶುಭ್ರವಲ್ಲ. ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನಲ್ಲಿದ್ದಾಗ ಅಮ್ಮ ಒಂದು ತಿಂಗಳು ಇರುತ್ತೇನೆಂದು ಊರಿನಿಂದ ಬಂದರು. ಜೊತೆಗೆ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ. ಆಗ ವಿಧಾನಮಂಡಲದ ಅಧಿವೇಶನ. ನಾನು ಮನೆಗೆ ಬರುವಷ್ಟರಲ್ಲಿ ಅವರು ಮಲಗಿರುತ್ತಿದ್ದರು. ಲಾಲ್‌ಬಾಗ್ ನೋಡುವ ಆಸೆಯನ್ನು ಪಕ್ಕದ ಮನೆಯವರು ತೀರಿಸಿದರು. ಹನ್ನೊಂದನೆಯ ದಿನ ಅಮ್ಮ, ಹಸು ಕರು ಹಾಕುವ ಹೊತ್ತು, ಹೋಗಬೇಕು ಎಂದರು. ನಾನು ಬಸ್ಸು ಹತ್ತಿಸಿ ಕಚೇರಿಗೆ ಹೋದೆ, ಒಳಗೊಳಗೇ ಹಗುರವಾಗಿದ್ದೆ. ಆ ವರ್ಷ ಕೊಟ್ಟಿಗೆಯಲ್ಲಿ ಗಬ್ಬದ ಹಸುವೇ ಇರಲಿಲ್ಲವೆಂದು ತಮ್ಮ ಹೇಳಿದ್ದು, ಅಮ್ಮ ಹೋಗಿ ಎಷ್ಟೋ ವರ್ಷಗಳಾದ ಮೇಲೆ.

‘ಟೋಕಿಯೊ ಸ್ಟೋರಿ’ಯಲ್ಲಿ ಅಂತ್ಯಕ್ರಿಯೆ ಮುಗಿದ ಕೂಡಲೇ ಶಿಗೆ ತಾಯಿಯ ಉಡುಪನ್ನು ನೆನಪಿಗೆಂದು ಕೇಳುತ್ತಾಳೆ. ಎಲ್ಲರೂ ಹೊರಟುಬಿಡುತ್ತಾರೆ. ಕಿರಿಯ ಮಗಳು ಕ್ಯೋಕೊ ಸಿಡಿಮಿಡಿಗೊಂಡಾಗ ಅವಳನ್ನು ಸಮಾಧಾನಪಡಿಸುವವಳು ನೊರಿಕೊ. ಮಕ್ಕಳು ಬೆಳೆದಂತೆ ಅವರಿಗೆ ತಮ್ಮದೇ ಬದುಕು ಮುಖ್ಯವಾಗುತ್ತದೆ, ನಾನೂ ಹಾಗಾಗಬಹುದು ಎನ್ನುತ್ತಾಳೆ. ನಂತರ ಮಾವ, ಹೆತ್ತ ಮಕ್ಕಳಿಗಿಂತ ಹೆಚ್ಚು ಮಾಡಿದವಳು ನೀನೆಂದು ಹೇಳಿ, ತೋಮಿಯ ಗಡಿಯಾರವನ್ನು ಕೊಟ್ಟು, ಮರುಮದುವೆಯಾಗೆನ್ನುತ್ತಾರೆ. ಆಗ ಅವಳು, ನಾನು ನೀವಂದುಕೊಂಡಷ್ಟು ಒಳ್ಳೆಯವಳಲ್ಲ, ಸತ್ತ ಗಂಡನ ನೆನಪಾಗದ ದಿನಗಳೂ ಇವೆ ಎಂದು ಅಳುತ್ತಾಳೆ. ಸೆತ್ಸುಕೊ ಹಾರಾ ಅವರ ಅಭಿನಯದ ಈ ಭಾಗವೇ ಚಿತ್ರದ ಹೃದಯ. ಆದರ್ಶವೆಂದು ನಾವು ನಂಬಿದ್ದವಳೂ ಲೆಕ್ಕ ಒಪ್ಪಿಸುತ್ತಾಳೆ. ಅವಳಿಗೆ ಅತ್ತೆ ಮಾವನಿಗಾಗಿ ಹೊತ್ತು ಸಿಕ್ಕಿದ್ದು ಅವಳ ಬದುಕು ಎಂಟು ವರ್ಷಗಳಿಂದ ನಿಂತಲ್ಲಿಯೇ ನಿಂತಿದ್ದರಿಂದ. ಅದು ಮುಂದೆ ಸಾಗಿದರೆ ಅವಳಿಗೂ ಬಿಡುವಿರದು. ಮಾವ ಬಯಸುವುದು ಅದನ್ನೇ.

1950ರಲ್ಲಿ ಜಪಾನಿನ ಜನಸಂಖ್ಯೆಯಲ್ಲಿ 65 ದಾಟಿದವರು ಶೇ 5ರಷ್ಟಿದ್ದರು. 2023ರಲ್ಲಿ ಅವರ ಪ್ರಮಾಣ ಶೇ 29. ಮನೆಯವರ ಕೈಲಾಗದ ಆರೈಕೆಯ ಹೊರೆಯನ್ನು ಸಮಾಜವೇ ಹೊರಬೇಕೆಂದು ಆ ದೇಶ 2000ದ ಏಪ್ರಿಲ್‌ನಿಂದ ದೀರ್ಘಾವಧಿ ಆರೈಕೆ ವಿಮೆಯನ್ನು ಜಾರಿಗೆ ತಂದಿತು. ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ವೆಚ್ಚದ ಅರ್ಧದಷ್ಟು ತೆರಿಗೆಯಿಂದ ಬರುತ್ತದೆ. ಇದು ಅನುಕರಣೀಯ ಕ್ರಮ. ನಮ್ಮಲ್ಲಿಯೂ ಇಂಥದೊಂದು ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ 2013ರಲ್ಲಿ ಯೋಜಿ ಯಾಮಾದಾ ಅದೇ ಕಥೆಯನ್ನು ‘ಟೋಕಿಯೊ ಫ್ಯಾಮಿಲಿ’ ಎಂದು ಮತ್ತೆ ಚಿತ್ರಿಸಿದಾಗ ಅದು ಹಳತೆನಿಸಲಿಲ್ಲ. ಸ್ನಾನ ಮಾಡಿಸಲು, ಮದ್ದು ಕೊಡಲು ಸರ್ಕಾರ ಜನರನ್ನು ನೇಮಿಸಬಹುದು, ನೇಮಿಸಬೇಕು. ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ಮಗನನ್ನು ನೇಮಿಸಲಾಗದು.

ಕೊನೆಯ ದೃಶ್ಯದಲ್ಲಿ ಅದೇ ನೆರೆಮನೆಯಾಕೆ ಅದೇ ಕಿಟಕಿಯಲ್ಲಿ ಇಣುಕುತ್ತಾರೆ. ಬೀಸಣಿಗೆ ಹಿಡಿದು ಕುಳಿತ ಶುಕಿಚಿ, ಹೀಗಾಗುತ್ತದೆಂದು ಗೊತ್ತಿದ್ದರೆ ಅವಳನ್ನು ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ ಎನ್ನುತ್ತಾರೆ. ಒಬ್ಬನೇ ಆದಮೇಲೆ ದಿನಗಳು ಉದ್ದವಾಗಿ ತೋರುತ್ತವೆ ಎನ್ನುತ್ತಾರೆ. ಮಕ್ಕಳ ಮೇಲಿನ ದೂರು ಅಲ್ಲಿ ಒಂದೂ ಇಲ್ಲ. ದಿಂಬಿಗಾಗಿ ಹೆಂಡತಿಯನ್ನು ದೂರಿದ ಮನುಷ್ಯನಿಗೆ ಉಳಿದದ್ದು ತನ್ನ ಬಾಕಿ ಮಾತ್ರ.

ನನ್ನ ಮಗಳು ಹೊರದೇಶದಲ್ಲಿದ್ದಾಳೆ. ಭಾನುವಾರ ಫೋನು ಮಾಡುತ್ತಾಳೆ, ಒಮ್ಮೊಮ್ಮೆ ಮರೆಯುತ್ತಾಳೆ. ಮುಂದಿನ ವಾರ ಮಾಡಿ, ಕೆಲಸ ಹೆಚ್ಚಿತ್ತು ಅಪ್ಪ ಎಂದಾಗ, ನನಗೂ ಬಿಡುವಿರಲಿಲ್ಲ ಬಿಡಮ್ಮ ಎನ್ನುತ್ತೇನೆ. ಗಬ್ಬದ ಹಸುವಿನ ಮಾತು ಎಲ್ಲಿಂದ ಬಂತೆಂದು ಈಗ ನನಗೆ ಅರ್ಥವಾಗುತ್ತದೆ.